ಒಂದು ಅಕ್ಷರಕ್ಕೆ ಒಂದು ಸಂಖ್ಯೆ: ಅದ್ಲಮ್ ಲಿಪಿ ಕಂಪ್ಯೂಟರಿಗೆ ಬಂದ ಬಗೆ

ಪಶ್ಚಿಮ ಆಫ್ರಿಕದ ಗಿನಿ ದೇಶದಲ್ಲಿ, ತೆಂಕಣದ ಕಾಡುಸೀಮೆಯಲ್ಲಿ ನ್ಜೆರೆಕೊರೆ ಎಂಬ ಪಟ್ಟಣವಿದೆ. 1980ರ ದಶಕದಲ್ಲಿ ಅಲ್ಲಿನ ಬ್ಯಾರಿ ಕುಟುಂಬದ ಮನೆಗೆ ಜನ ಕಾಗದ ಹಿಡಿದುಕೊಂಡು ಬರುತ್ತಿದ್ದರು. ಮನೆಯ ಹಿರಿಯರಿಗೆ ಅರಬ್ಬಿ ಲಿಪಿ ಬರುತ್ತಿತ್ತು. ದೂರದೂರಿನ ನೆಂಟರು ಪುಲಾರ್ ಮಾತನ್ನು ಅರಬ್ಬಿ ಅಕ್ಷರಗಳಲ್ಲಿ ಬರೆದು ಕಳಿಸಿದ್ದನ್ನು ಅವರು ಓದಿ ಹೇಳುತ್ತಿದ್ದರು. ಅವರಿಗೆ ಬಿಡುವಿಲ್ಲದಾಗ, ದಣಿವಾದಾಗ ಆ ಕೆಲಸ ಮಕ್ಕಳ ಪಾಲಿಗೆ ಬರುತ್ತಿತ್ತು. ಹಿರಿಯವ ಇಬ್ರಾಹಿಮಾ, ಕಿರಿಯವ ಅಬ್ದುಲಾಯ್. ಕಾಗದ ಓದುವುದು ಹುಡುಗರಿಗೆ ಸುಲಭವಾಗಿರಲಿಲ್ಲ. ಪುಲಾರಿನ ಕೆಲವು ಧ್ವನಿಗಳಿಗೆ ಅರಬ್ಬಿಯಲ್ಲಿ ಅಕ್ಷರವೇ ಇಲ್ಲ. ಬರೆದವರು ಅಂದಾಜಿನಲ್ಲಿ ಬರೆದಿರುತ್ತಿದ್ದರು, ಓದುವವರೂ ಅಂದಾಜಿನಲ್ಲೇ ಓದಬೇಕಿತ್ತು.

ಪುಲಾರ್ ಫುಲಾನಿ ಜನರ ಮಾತು. ಸೆನೆಗಲ್‌ನ ಕಡಲತೀರದಿಂದ ಸುಡಾನ್‌ವರೆಗೆ, ಸಹಾರಾ ಮರುಭೂಮಿಯ ತೆಂಕಣ ಅಂಚಿನ ಉದ್ದಕ್ಕೂ ಸುಮಾರು 20 ದೇಶಗಳಲ್ಲಿ ಹರಡಿರುವ ಈ ಜನರ ಸಂಖ್ಯೆ 4 ಕೋಟಿಗೂ ಹೆಚ್ಚು. ದನ ಕಾಯುತ್ತ ಅಲೆಯುವವರು, ಪಟ್ಟಣಗಳಲ್ಲಿ ಅಂಗಡಿ ಇಟ್ಟವರು, ಧರ್ಮಶಾಸ್ತ್ರದ ಪಂಡಿತರು ಎಲ್ಲರೂ ಅವರಲ್ಲಿದ್ದಾರೆ. ಅವರಿಗೆ ಬರವಣಿಗೆಯೇ ಇರಲಿಲ್ಲ ಎಂದು ಹೇಳುವವರಿದ್ದಾರೆ, ಅದು ನಿಜವಲ್ಲ. ತಮ್ಮ ನುಡಿಯನ್ನು ಅರಬ್ಬಿ ಅಕ್ಷರಗಳಲ್ಲಿ ಬರೆಯುವ ಅಜಮಿ ಎಂಬ ರೂಢಿ ಗಿನಿಯ ಫೂಟಾ ಜಲ್ಲೋನ್ ಮಲೆನಾಡಿನಲ್ಲಿ ಬಹಳ ಹಿಂದಿನಿಂದಲೇ ಬೇರೂರಿತ್ತು. ಅರಬ್ಬಿ ತಿಳಿಯದ ಸಾಮಾನ್ಯರಿಗೂ ಧರ್ಮದ ವಿಚಾರ ಮುಟ್ಟಲಿ ಎಂದು ತಿಯೆರ್ನೊ ಸಾಂಬಾ ಮೊಂಬೆಯಾ ಎಂಬ ವಿದ್ವಾಂಸರು ಪುಲಾರಿನಲ್ಲೇ ಕಾವ್ಯ ಕಟ್ಟಿದ್ದರು. ಪಂಡಿತರಿಗೆ ಅಜಮಿ ಸಾಕಾಗಿತ್ತು. ಊರಿಗೆ ಕಾಗದ ಬರೆಯುವ ವ್ಯಾಪಾರಿಗೆ, ಹೆಂಗಸಿಗೆ ಅದು ಸಾಲುತ್ತಿರಲಿಲ್ಲ.

ಎಲ್ಲಿ ಸಾಲುತ್ತಿರಲಿಲ್ಲ ಎಂದು ತಿಳಿಯಲು ಒಂದೇ ಒಂದು ಧ್ವನಿಯನ್ನು ಹಿಡಿದುಕೊಂಡರೆ ಸಾಕು. ‘ಬ’ ಎನ್ನುವಾಗ ನಾವು ತುಟಿ ಮುಚ್ಚಿ ಉಸಿರನ್ನು ಹೊರಕ್ಕೆ ಬಿಡುತ್ತೇವೆ. ಫುಲಾನಿಗಳಲ್ಲಿ ಇದರ ಜೊತೆಗೆ ಇನ್ನೊಂದು ಬಗೆಯ ‘ಬ’ ಇದೆ. ತುಟಿ ಮುಚ್ಚಿದ ಹೊತ್ತಿಗೆ ಗಂಟಲನ್ನು ಕೆಳಕ್ಕೆ ಇಳಿಸುತ್ತಾರೆ. ತುಟಿ ತೆರೆದಾಗ ಗಾಳಿ ಒಂದಿಷ್ಟು ಒಳಕ್ಕೆ ಹೋಗುತ್ತದೆ. ಭಾಷಾವಿಜ್ಞಾನಿಗಳು ಇದನ್ನು ಅಂತಃಸ್ಫೋಟ ಧ್ವನಿ ಎನ್ನುತ್ತಾರೆ. ನಮ್ಮ ದೇಶದಲ್ಲೂ ಇದು ಇದೆ, ಸಿಂಧಿ ಮಾತಾಡುವವರ ಬಾಯಲ್ಲಿ ಕೇಳಬಹುದು. ಬ್ಯಾರಿ ಸೋದರರು ಮುಂದೆ ಕಟ್ಟಿದ ಅದ್ಲಮ್ ಲಿಪಿಯಲ್ಲಿ ಈ ಧ್ವನಿಯ ಅಕ್ಷರದ ಹೆಸರನ್ನು ನಮ್ಮ ಲಿಪಿಯಲ್ಲಿ ಭೆ ಎಂದು ಬರೆಯಬಹುದು, ಆದರೆ ಕನ್ನಡದ ಮಹಾಪ್ರಾಣ ‘ಭ’ಕ್ಕೂ ಅದಕ್ಕೂ ಸಂಬಂಧವಿಲ್ಲ. ಫುಲಾನಿಗಳು ತಮ್ಮನ್ನು ತಾವು ಕರೆದುಕೊಳ್ಳುವ ಫುಲ್ಬೆ ಎಂಬ ಹೆಸರಿನಲ್ಲಿರುವುದೂ ಇದೇ ಧ್ವನಿ. ಅರಬ್ಬಿಯಲ್ಲಿ ಬರೆದಾಗ ಎರಡೂ ‘ಬ’ಗಳು ಒಂದಾಗಿಬಿಡುತ್ತಿದ್ದವು, ಇಲ್ಲವೇ ಒಬ್ಬೊಬ್ಬರು ಒಂದೊಂದು ಚುಕ್ಕೆ ಸೇರಿಸಿ ತಮಗೆ ತೋಚಿದಂತೆ ಬೇರ್ಪಡಿಸುತ್ತಿದ್ದರು.

ರೋಮನ್ ಲಿಪಿಯ ದಾರಿಯೂ ಇತ್ತು. 1966ರಲ್ಲಿ ಮಾಲಿ ದೇಶದ ಬಮಾಕೊದಲ್ಲಿ ಯುನೆಸ್ಕೊ ಕರೆದ ಸಭೆ ಪಶ್ಚಿಮ ಆಫ್ರಿಕದ ಹಲವು ನುಡಿಗಳಿಗೆ ರೋಮನ್ ಬರವಣಿಗೆಯನ್ನು ಗೊತ್ತುಮಾಡಿತು. ಈ ಧ್ವನಿಗೆ ಕೊಕ್ಕೆ ಹಾಕಿದ ‘ಬಿ’ ಅಕ್ಷರ ಸಿಕ್ಕಿತು. ಗಿನಿಯಲ್ಲಿ ಅಧ್ಯಕ್ಷ ಸೆಕು ತೂರೆ ಅವರ ಆಡಳಿತವು ಶಾಲೆಗಳಲ್ಲಿ ದೇಶೀಯ ನುಡಿಗಳನ್ನು ಕಲಿಸಿತು. 1984ರಲ್ಲಿ ಅವರು ತೀರಿಕೊಂಡ ಮೇಲೆ ಫ್ರೆಂಚ್ ಮತ್ತೆ ತರಗತಿಗಳನ್ನು ಆಕ್ರಮಿಸಿತು. ಬ್ಯಾರಿ ಸೋದರರು ಶಾಲೆಯಲ್ಲಿ ಕಲಿತದ್ದು ಆ ಫ್ರೆಂಚನ್ನು.

ಅವರು ಹೊಸ ಲಿಪಿ ಕಟ್ಟಲು ಕೂತದ್ದು 1989ರಲ್ಲಿ. ಇಬ್ರಾಹಿಮಾನಿಗೆ ಆಗ 14 ವರ್ಷ, ಅಬ್ದುಲಾಯ್‌ಗೆ 10. ಶಾಲೆ ಮುಗಿಸಿ ಬಂದು ಕೋಣೆಯ ಬಾಗಿಲು ಹಾಕಿಕೊಳ್ಳುತ್ತಿದ್ದರು. ಕಣ್ಣು ಮುಚ್ಚಿ ಕಾಗದದ ಮೇಲೆ ಗೆರೆ ಎಳೆಯುತ್ತಿದ್ದರು. ಆಮೇಲೆ ಕಣ್ಣು ಬಿಟ್ಟು, ಮೂಡಿದ ಆಕಾರಗಳಲ್ಲಿ ಒಪ್ಪುವುದನ್ನು ಆರಿಸಿ ಒಂದೊಂದು ಧ್ವನಿಗೆ ಕೊಡುತ್ತಿದ್ದರು. ಕೆಲವೇ ತಿಂಗಳಲ್ಲಿ 28 ಅಕ್ಷರ, 10 ಅಂಕೆ ಸಿದ್ಧವಾದವು. ಬರೆಯುವುದು ಬಲದಿಂದ ಎಡಕ್ಕೆ. ಬೇರೆ ನುಡಿಗಳಿಂದ ಬಂದ ಧ್ವನಿಗಳಿಗಾಗಿ ಮುಂದೆ ಇನ್ನೂ 6 ಅಕ್ಷರ ಸೇರಿ ಒಟ್ಟು 34 ಆದವು. ಭೆ ಮೊದಲ 28ರಲ್ಲೇ ಇತ್ತು, ಎಂಟನೆಯದಾಗಿ.

ಹುಡುಗರು ಲಿಪಿ ಕಟ್ಟುವುದು ಅಷ್ಟು ಅಪರೂಪವೇನಲ್ಲ. ಎಳೆಯ ವಯಸ್ಸಿನಲ್ಲಿ ಗುಟ್ಟಿನ ಅಕ್ಷರಮಾಲೆ ಮಾಡಿಕೊಳ್ಳದ ಮಕ್ಕಳು ಕಡಿಮೆ. ಫುಲಾನಿ ನುಡಿಗೆಂದೇ ಲಿಪಿ ರಚಿಸಿದ ದೊಡ್ಡವರೂ ಇವರಿಗೆ ಮುಂಚೆ ಮಾಲಿಯಲ್ಲಿ ಇದ್ದರು. ಆ ಲಿಪಿಗಳು ಜನರ ಕೈಗೆ ಹತ್ತಲಿಲ್ಲ. ಬ್ಯಾರಿ ಸೋದರರ ನಿಜವಾದ ಸಾಧನೆ ಆಮೇಲಿನದು ಎಂದು ನನಗೆ ಅನ್ನಿಸುತ್ತದೆ. ಮೊದಲು ಮನೆಯಲ್ಲಿ ಸೋದರಿಗೆ ಕಲಿಸಿದರು. ಬಳಿಕ ಸಂತೆಗೆ ಹೋದರು. ಕಲಿತ ಪ್ರತಿಯೊಬ್ಬರೂ ಇನ್ನು ಮೂವರಿಗಾದರೂ ಕಲಿಸಬೇಕು ಎಂದು ಕೇಳಿಕೊಂಡರು. ಪುಸ್ತಕಗಳನ್ನು ಕೈಯಲ್ಲೇ ಬರೆದರು, ಕೈಯಲ್ಲೇ ನಕಲು ಮಾಡಿದರು. ಕೂಸುಗಳ ಆರೈಕೆ ಹೇಗೆ, ಕುಡಿಯುವ ನೀರನ್ನು ಸೋಸುವುದು ಹೇಗೆ ಎಂಬಂಥ ದಿನಬಳಕೆಯ ವಿಷಯಗಳು ಅವುಗಳಲ್ಲಿದ್ದವು. ರೇಡಿಯೊ, ಟಿವಿಯಲ್ಲಿ ಫ್ರೆಂಚಿನಲ್ಲಿ ಬಂದ ಸುದ್ದಿಯನ್ನು ಇಬ್ರಾಹಿಮಾ ಪುಲಾರಿಗೆ ತಂದು ಕೈಬರಹದ ಪತ್ರಿಕೆ ಮಾಡುತ್ತಿದ್ದರು. ಅದರ ಜೆರಾಕ್ಸ್ ಪ್ರತಿಗಳು ಕೈಯಿಂದ ಕೈಗೆ ಹೋಗುತ್ತಿದ್ದವು. ವ್ಯಾಪಾರಿಗಳು ಊರೂರು ಅಲೆಯುವವರು. ಅವರ ಗಂಟುಮೂಟೆಗಳ ಜೊತೆ ಲಿಪಿಯೂ ಗಡಿ ದಾಟಿ ನೆರೆಯ ದೇಶಗಳಿಗೆ ಹೋಯಿತು.

ಮೊದಲಿಗೆ ಇದನ್ನು ಪುಲಾರ್ ಬರಹ ಎಂದಷ್ಟೇ ಕರೆಯುತ್ತಿದ್ದರು. ಅದ್ಲಮ್ ಎಂಬ ಹೆಸರು ಕಲಿತವರ ನಡುವೆ ಬೆಳೆಯಿತು: ಮೊದಲ ನಾಲ್ಕು ಅಕ್ಷರಗಳಾದ ಅ, ದ, ಲ, ಮ ಸೇರಿದ ಹೆಸರು. ಜನಾಂಗವೊಂದು ಕಳೆದುಹೋಗದಂತೆ ಕಾಪಾಡುವ ಅಕ್ಷರಮಾಲೆ ಎಂಬ ಅರ್ಥ ಬರುವಂತೆ ಆ ನಾಲ್ಕನ್ನೂ ಅವರು ಬಿಡಿಸಿ ಹೇಳುತ್ತಾರೆ.

ರಾಜಧಾನಿ ಕೊನಾಕ್ರಿಯಲ್ಲಿ ವಿಶ್ವವಿದ್ಯಾಲಯಕ್ಕೆ ಸೇರಿದ ಮೇಲೆ ಸೋದರರು ವಿಂದೆನ್ ಜಂಗೆನ್ ಎಂಬ ಗುಂಪು ಕಟ್ಟಿದರು. ಬರೆಯೋಣ, ಓದೋಣ ಎಂದು ಅದರ ಅರ್ಥ. ಒಂದು ಜನಾಂಗ ತನ್ನದೇ ಲಿಪಿಯಲ್ಲಿ ಓದುಬರಹ ಕಲಿಯುವುದನ್ನು ಅನುಮಾನದಿಂದ ನೋಡುವವರು ಎಲ್ಲ ಕಾಲದಲ್ಲೂ ಇರುತ್ತಾರೆ. 2002ರಲ್ಲಿ ಸೈನಿಕರು ಆ ಗುಂಪಿನ ಸಭೆಯೊಂದಕ್ಕೆ ನುಗ್ಗಿ ಇಬ್ರಾಹಿಮಾ ಅವರನ್ನು ಹಿಡಿದೊಯ್ದರು. ಮೂರು ತಿಂಗಳು ಸೆರೆಯಲ್ಲಿಟ್ಟರು. ಯಾವ ಆರೋಪವನ್ನೂ ಹೊರಿಸಲಿಲ್ಲ, ಕಾರಣವನ್ನೂ ಹೇಳಲಿಲ್ಲ. 2003ರಲ್ಲಿ ಅಬ್ದುಲಾಯ್ ಅಮೆರಿಕದ ಪೋರ್ಟ್‌ಲ್ಯಾಂಡಿಗೆ ಹೋದರು. ಕೆಲವು ವರ್ಷಗಳ ಬಳಿಕ ಅಣ್ಣನೂ ಅಲ್ಲಿಗೆ ಬಂದರು.

ಕಂಪ್ಯೂಟರಿನ ಪ್ರಶ್ನೆ ಎದುರಾದದ್ದು ಅಲ್ಲಿ. ಸಿಯಾಟಲ್‌ನ ಕಂಪನಿಯೊಂದಕ್ಕೆ ಹಣ ಕೊಟ್ಟು ಸೋದರರು ಅದ್ಲಮ್‌ಗೆ ಫಾಂಟು, ಕೀಬೋರ್ಡು ಮಾಡಿಸಿದರು. ಆದರೆ ಕಂಪ್ಯೂಟರಿಗೆ ಅದ್ಲಮ್ ಎಂಬ ಲಿಪಿ ಇದೆಯೆಂದೇ ಗೊತ್ತಿರಲಿಲ್ಲ. ಹಾಗಾಗಿ ಆ ಫಾಂಟು ಅರಬ್ಬಿ ಅಕ್ಷರಗಳ ಜಾಗದಲ್ಲಿ ಅದ್ಲಮ್ ಆಕಾರಗಳನ್ನು ಕೂರಿಸಿತ್ತು. ಬರೆದವರ ತೆರೆಯ ಮೇಲೆ ಎಲ್ಲ ಸರಿ. ಒಳಗೆ ಉಳಿದಿದ್ದುದು ಮಾತ್ರ ಅರಬ್ಬಿ. ಅದೇ ಫಾಂಟು ಇಲ್ಲದ ಗೆಳೆಯನಿಗೆ ಈಮೇಲ್ ಕಳಿಸಿದರೆ ಅರ್ಥವಿಲ್ಲದ ಅರಬ್ಬಿ ಅಕ್ಷರಗಳ ರಾಶಿ ಕಾಣುತ್ತಿತ್ತು. ಯೂನಿಕೋಡ್‌ಗೆ ಮುಂಚಿನ ಕನ್ನಡ ಫಾಂಟುಗಳಲ್ಲಿ ಟೈಪ್ ಮಾಡಿದ ಕಡತವನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು, ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಕಲಸಿಹೋದುದನ್ನು ಕಂಡವರಿಗೆ ಈ ಸಂಕಟವನ್ನು ಬಿಡಿಸಿ ಹೇಳಬೇಕಿಲ್ಲ. ಇನ್ನೂ ಬೇಸರದ ವಿಷಯ ಎಂದರೆ, ಅರಬ್ಬಿ ಬರಹದಿಂದ ಬಿಡಿಸಿಕೊಳ್ಳಲೆಂದು ಹುಟ್ಟಿದ ಭೆ ಇಲ್ಲಿ ಮತ್ತೆ ಅರಬ್ಬಿಯ ವೇಷ ಹಾಕಬೇಕಾಗಿ ಬಂದಿತ್ತು.

ಕಂಪ್ಯೂಟರು ಅಕ್ಷರವನ್ನು ಆಕಾರವಾಗಿ ಇಟ್ಟುಕೊಳ್ಳುವುದಿಲ್ಲ, ಸಂಖ್ಯೆಯಾಗಿ ಇಟ್ಟುಕೊಳ್ಳುತ್ತದೆ. 1960ರ ದಶಕದ ಅಮೆರಿಕನ್ ಪಟ್ಟಿಯಲ್ಲಿ ಇದ್ದದ್ದೇ 128 ಸ್ಥಾನ. ಇಂಗ್ಲಿಷಿಗೆ ಸಾಕು, ಬೇರೆ ಯಾರಿಗೂ ಸಾಲದು. ಆಮೇಲೆ ಒಂದೊಂದು ದೇಶ, ಒಂದೊಂದು ಕಂಪನಿ ತನ್ನದೇ ಪಟ್ಟಿ ಮಾಡಿಕೊಂಡಿತು. ಒಂದೇ ಸಂಖ್ಯೆ ಒಂದು ಕಡೆ ಒಂದು ಅಕ್ಷರ, ಇನ್ನೊಂದು ಕಡೆ ಇನ್ನೊಂದು. ಇದಕ್ಕೆ ಕೊನೆ ಹಾಡಲು ಜಗತ್ತಿನ ಎಲ್ಲ ಲಿಪಿಗಳಿಗೂ ಒಂದೇ ಪಟ್ಟಿ ಇರಲಿ ಎಂಬ ಯೋಚನೆ 1980ರ ದಶಕದ ಕೊನೆಗೆ ಮೂಡಿತು. 1991ರಲ್ಲಿ ಯೂನಿಕೋಡ್‌ನ ಮೊದಲ ಆವೃತ್ತಿ ಬಂತು. ಕನ್ನಡ ಆ ಮೊದಲ ಆವೃತ್ತಿಯಲ್ಲೇ ಇತ್ತು. 3200ರಿಂದ 3327ರವರೆಗಿನ ಸ್ಥಾನಗಳು ನಮ್ಮವು, ‘ಅ’ ಅಕ್ಷರದ್ದು 3205.

ಆಫ್ರಿಕದ ಸ್ವಂತ ಲಿಪಿಗಳು ಕಾಯಬೇಕಾಯಿತು. ಇಥಿಯೋಪಿಯದ ಲಿಪಿ ಪಟ್ಟಿ ಸೇರಿದ್ದು 1999ರಲ್ಲಿ. ಮೊರಾಕೊ ಮತ್ತು ಸಹಾರಾದ ಬರ್ಬರ್ ಜನರ ತಿಫಿನಾಗ್ 2005ರಲ್ಲಿ. ಗಿನಿಯವರೇ ಆದ ಸೊಲೊಮಾನಾ ಕಾಂಟೆ 1949ರಲ್ಲಿ ಮಾಂಡಿಂಗ್ ನುಡಿಗಳಿಗೆಂದು ರಚಿಸಿದ ಎನ್‌ಕೊ ಲಿಪಿ 2006ರಲ್ಲಿ. ಸಿಂಧಿಯ ಅಂತಃಸ್ಫೋಟ ಧ್ವನಿಗಳಿಗೆ ಬೇಕಾದ ದೇವನಾಗರಿ ಅಕ್ಷರಗಳು ಸೇರಿದ್ದೂ ಎನ್‌ಕೊ ಬಂದ ಆವೃತ್ತಿಯಲ್ಲೇ. ಲೈಬೀರಿಯದ ವಾಯ್ ಲಿಪಿ 1830ರ ದಶಕದ್ದು, ಅದಕ್ಕೆ ಸಂಖ್ಯೆ ಸಿಕ್ಕಿದ್ದು 2008ರಲ್ಲಿ. ಪಟ್ಟಿಗೆ ಸೇರಿಸುವ ಸಮಿತಿಗಳ ಸುತ್ತ ಇದ್ದವರು ಹೆಚ್ಚಾಗಿ ದೊಡ್ಡ ಕಂಪ್ಯೂಟರ್ ಕಂಪನಿಗಳವರು. ಮಾರುಕಟ್ಟೆ ಇಲ್ಲದ ಲಿಪಿಗೆ ಪ್ರಸ್ತಾವ ಬರೆಯುವವರು ಯಾರು? ಈ ಕೊರತೆ ತುಂಬಲೆಂದೇ 2002ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದಲ್ಲಿ ಡೆಬೊರಾ ಆಂಡರ್ಸನ್ ಅವರ ನೇತೃತ್ವದಲ್ಲಿ ಒಂದು ಯೋಜನೆ ಶುರುವಾಯಿತು.

ಬ್ಯಾರಿ ಸೋದರರಿಗೆ ಯೂನಿಕೋಡ್‌ನ ಬಾಗಿಲು ತೋರಿಸಿದ್ದು ಅಕ್ಷರಕಲೆ. ತಮ್ಮ ಅಕ್ಷರಗಳ ರೂಪವನ್ನು ತಿದ್ದಿಕೊಳ್ಳಬೇಕೆಂದು ಇಬ್ರಾಹಿಮಾ ಪೋರ್ಟ್‌ಲ್ಯಾಂಡಿನಲ್ಲಿ ಅಕ್ಷರಕಲೆಯ ತರಗತಿಗೆ ಸೇರಿದರು. ಅಲ್ಲಿ ಅವರ ಕಥೆ ಕೇಳಿದ ಶಿಕ್ಷಕಿ ಅಕ್ಷರಕಲೆಯ ಸಮ್ಮೇಳನವೊಂದಕ್ಕೆ ಹೋಗಲು ನೆರವಾದರು. ಅಲ್ಲಿ ಆದ ಪರಿಚಯಗಳ ಎಳೆ ಹಿಡಿದು ಮೈಕೆಲ್ ಎವರ್ಸನ್ ಅವರವರೆಗೆ ದಾರಿ ಸಿಕ್ಕಿತು. ಎವರ್ಸನ್ ಜಗತ್ತಿನ ಹತ್ತಾರು ಲಿಪಿಗಳಿಗೆ ಯೂನಿಕೋಡ್ ಪ್ರಸ್ತಾವ ಬರೆದ ಲಿಪಿತಜ್ಞರು. ಎನ್‌ಕೊ ಪ್ರಸ್ತಾವದಲ್ಲೂ ಅವರ ಕೈಯಿತ್ತು. ಅದ್ಲಮ್‌ಗಾಗಿ ಅವರು ಬರೆದ ಪರಿಷ್ಕೃತ ಪ್ರಸ್ತಾವ 2014ರಲ್ಲಿ ಸಮಿತಿಯ ಮುಂದೆ ಬಂತು.

ಇಂಥ ಪ್ರಸ್ತಾವದಲ್ಲಿ ಏನಿರಬೇಕು? ಪ್ರತಿ ಅಕ್ಷರದ ಹೆಸರು, ರೂಪ, ಅಕ್ಷರಮಾಲೆಯಲ್ಲಿ ಅದರ ಸ್ಥಾನ, ಬರೆಯುವ ದಿಕ್ಕು, ಪಕ್ಕದ ಅಕ್ಷರಕ್ಕೆ ಕೂಡುವ ಬಗೆ. ಇವನ್ನೆಲ್ಲ ಒಬ್ಬ ತಜ್ಞ ಕೂತು ಬರೆಯಬಹುದು. ಎಲ್ಲಕ್ಕಿಂತ ಗಟ್ಟಿಯಾದ ಪ್ರಶ್ನೆ ಬೇರೆ: ಇದನ್ನು ರಚಿಸಿದವರ ಹೊರತು ಬೇರೆ ಯಾರಾದರೂ ಬಳಸುತ್ತಾರೆಯೆ? ಒಮ್ಮೆ ಕೊಟ್ಟ ಸಂಖ್ಯೆಯನ್ನು ಯೂನಿಕೋಡ್ ಹಿಂತೆಗೆದುಕೊಳ್ಳುವುದಿಲ್ಲ, ಬೇರೆಡೆಗೆ ಸರಿಸುವುದೂ ಇಲ್ಲ. 1996ರಲ್ಲಿ ಕೊರಿಯನ್ ಅಕ್ಷರಗಳನ್ನು ಒಂದು ಜಾಗದಿಂದ ಇನ್ನೊಂದಕ್ಕೆ ಸ್ಥಳಾಂತರಿಸಿ ಪಟ್ಟ ಪಾಡು ಸಾಕೆನಿಸಿ ಆ ನಿಯಮವನ್ನು ಬಿಗಿಮಾಡಿದ್ದಾರೆ. ಹಾಗಾಗಿ ಯಾರೋ ಒಬ್ಬರ ಕನಸಿನ ಲಿಪಿಗೆ ಜಾಗವಿಲ್ಲ, ಜನರ ಲಿಪಿಗೆ ಮಾತ್ರ ಇದೆ. ನ್ಜೆರೆಕೊರೆಯ ಸಂತೆ, ಕೈಯಲ್ಲಿ ನಕಲಾದ ಪುಸ್ತಕಗಳು, ಒಬ್ಬರು ಮೂವರಿಗೆ ಕಲಿಸಿದ ಪಾಠ ಇವೇ ಆ ಪ್ರಶ್ನೆಗೆ ಉತ್ತರವಾದವು. ಕಂಪ್ಯೂಟರೇ ಇಲ್ಲದ ಕಡೆ, ಪೆನ್ನು ಹಿಡಿದು ಮಾಡಿದ 25 ವರ್ಷದ ಕೆಲಸ ಕಂಪ್ಯೂಟರಿನ ಒಳಗೆ ಆ ಲಿಪಿಗೆ ಹಕ್ಕು ತಂದುಕೊಟ್ಟಿತು. ಈ ಇತಿಹಾಸದಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ತಟ್ಟುವ ಸಂಗತಿ ಇದು.

2016ರ ಜೂನ್‌ನಲ್ಲಿ ಯೂನಿಕೋಡ್ 9.0 ಹೊರಬಂತು. ಅದರಲ್ಲಿ ಅದ್ಲಮ್‌ಗೆ 87 ಸಂಖ್ಯೆಗಳು ಸಿಕ್ಕವು: 34 ದೊಡ್ಡಕ್ಷರ, 34 ಸಣ್ಣಕ್ಷರ, ಅಕ್ಷರಗಳಿಗೆ ಹಚ್ಚುವ 7 ಗುರುತು, 10 ಅಂಕೆ, ವಾಕ್ಯದ ಆರಂಭದಲ್ಲಿ ಬರುವ ಪ್ರಶ್ನಾರ್ಥಕ ಮತ್ತು ಆಶ್ಚರ್ಯ ಚಿಹ್ನೆಗಳು. ಅಕ್ಷರಮಾಲೆ 125184ರಿಂದ ಶುರು. ದೊಡ್ಡ ಭೆಗೆ 125191. ಅದಕ್ಕೆ 34 ಕೂಡಿಸಿದರೆ ಸಣ್ಣ ಭೆ, 125225. ಹೀಗೆ ಎಲ್ಲ ಜೋಡಿಗಳಿಗೂ ಒಂದೇ ಅಂತರ.

ಇವು ದೊಡ್ಡ ಸಂಖ್ಯೆಗಳು, ಅದರಿಂದ ಒಂದು ತೊಡಕೂ ಬಂತು. ಮೊದಲು ಯೂನಿಕೋಡ್‌ನಲ್ಲಿದ್ದದ್ದು 65,536 ಸ್ಥಾನ. ಅದು ಸಾಲದೆಂದು 1996ರಲ್ಲಿ 11 ಲಕ್ಷಕ್ಕೂ ಮಿಕ್ಕಿ ಸ್ಥಾನಗಳಿಗೆ ಹಿಗ್ಗಿಸಿದರು. ಮೊದಲೇ ಬಂದ ಕನ್ನಡಕ್ಕೆ ಒಳಗಿನ ಮನೆ ಸಿಕ್ಕಿತು. ತಡವಾಗಿ ಬಂದ ಅದ್ಲಮ್‌ಗೆ 65,536ರ ಆಚೆ. ಇಂದು ಅಂತರ್ಜಾಲದ ಬಹುಪಾಲು ಬರಹ ಯುಟಿಎಫ್-8 ಎಂಬ ವಿಧಾನದಲ್ಲಿ ಹರಿಯುತ್ತದೆ. ಸಂಖ್ಯೆಯನ್ನು ಅದು ಬೈಟುಗಳಾಗಿ, ಅಂದರೆ 0ಯಿಂದ 255ರೊಳಗಿನ ತುಂಡುಗಳಾಗಿ ಒಡೆಯುತ್ತದೆ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟು ಸಾಕು. ನಮ್ಮ ‘ಅ’ಗೆ ಮೂರು: 224, 178, 133. ಸಣ್ಣ ಭೆಗೆ ನಾಲ್ಕು: 240, 158, 164, 169. ನಾಲ್ಕು ಬೈಟಿನ ಅಕ್ಷರವೊಂದು ಬಂದೀತು ಎಂದು ಎಣಿಸದೆ ಕಟ್ಟಿದ ತಂತ್ರಾಂಶಗಳು ಬಹಳ ಇದ್ದವು. ಜನಪ್ರಿಯ ದತ್ತಸಂಚಯ ಮೈಎಸ್‌ಕ್ಯೂಎಲ್‌ನಲ್ಲಿ ಯುಟಿಎಫ್-8 ಎಂದು ಹೆಸರಿಟ್ಟಿದ್ದ ವಿಧಾನ ಮೂರು ಬೈಟಿನವರೆಗೆ ಮಾತ್ರ ಹಿಡಿಸುತ್ತಿತ್ತು. ನಾಲ್ಕರದ್ದನ್ನು 2010ರಲ್ಲಿ ಬೇರೆ ಹೆಸರಿನಲ್ಲಿ ಸೇರಿಸಬೇಕಾಯಿತು. ಇಂಥ ಲೋಪಗಳನ್ನು ಬೇಗ ತಿದ್ದುವಂತೆ ಒತ್ತಡ ತಂದದ್ದು ಎಮೋಜಿಗಳು. ನಗುಮೊಗದ ಚಿತ್ರಗಳೂ ಅದೇ ಆಚೆಯ ಬಡಾವಣೆಯಲ್ಲೇ ಇವೆ, ಅವೂ ನಾಲ್ಕು ಬೈಟಿನವು. ಜಗತ್ತಿಗೆ ನಗುಮೊಗ ಬೇಕಿತ್ತು. ಅದರ ಹಿಂದೆಯೇ ಭೆಗೂ ದಾರಿ ತೆರೆಯಿತು.

ಸಂಖ್ಯೆ ಸಿಕ್ಕಿತೆಂದು ಅಕ್ಷರ ಕಾಣುವುದಿಲ್ಲ. ಫಾಂಟು ಬೇಕು, ಅಕ್ಷರಗಳನ್ನು ಕೂಡಿಸುವ ತಂತ್ರಾಂಶ ಬೇಕು, ಕೀಬೋರ್ಡು ಬೇಕು. ಅದ್ಲಮ್ ಈ ವಿಷಯದಲ್ಲಿ ತುಂಬ ಕಷ್ಟದ ಲಿಪಿ. ಅರಬ್ಬಿಯಂತೆ ಇದರ ಅಕ್ಷರಗಳು ಒಂದಕ್ಕೊಂದು ಕೈಹಿಡಿದು ಬರುತ್ತವೆ. ಪದದ ಮೊದಲಲ್ಲಿ, ನಡುವೆ, ಕೊನೆಯಲ್ಲಿ, ಒಂಟಿಯಾಗಿ ಎಂದು ಒಂದೊಂದು ಅಕ್ಷರಕ್ಕೂ ನಾಲ್ಕು ರೂಪ. ಅರಬ್ಬಿಯಲ್ಲಿಲ್ಲದ ದೊಡ್ಡಕ್ಷರ, ಸಣ್ಣಕ್ಷರಗಳ ಭೇದ ಇಲ್ಲಿದೆ. ಬಲದಿಂದ ಎಡಕ್ಕೆ ಓಡುವ, ಕೂಡಿಕೊಳ್ಳುವ, ಜೊತೆಗೆ ದೊಡ್ಡ ಸಣ್ಣ ಎಂದು ಎರಡಾಗುವ ಲಿಪಿಯನ್ನು ತಂತ್ರಾಂಶ ಬರೆಯುವವರು ಮುಂಚೆ ಕಂಡಿರಲಿಲ್ಲ. ಅಂಕೆಗಳದ್ದು ಇನ್ನೊಂದು ಪೇಚು. ಅರಬ್ಬಿ ಬರಹ ಬಲದಿಂದ ಎಡಕ್ಕೆ ಸಾಗಿದರೂ ಅದರೊಳಗಿನ ಸಂಖ್ಯೆ ಎಡದಿಂದ ಬಲಕ್ಕೇ ಇರುತ್ತದೆ. ಅದ್ಲಮ್‌ನಲ್ಲಿ, ಎನ್‌ಕೊದಲ್ಲಿರುವಂತೆ, ಅಂಕೆಗಳೂ ಬಲದಿಂದ ಎಡಕ್ಕೆ. 1989 ಎಂದು ಬರೆದರೆ 1 ಬಲತುದಿಯಲ್ಲಿ ನಿಲ್ಲುತ್ತದೆ. ಹುಡುಗರಿಬ್ಬರು ಕೋಣೆಯೊಳಗೆ ಕೂತು ಮಾಡಿದ ಆ ತೀರ್ಮಾನವನ್ನು ಇಂದು ಪ್ರತಿ ಫೋನಿನ ತಂತ್ರಾಂಶವೂ ಪಾಲಿಸಬೇಕು.

ಗೂಗಲ್‌ನ ನೋಟೊ ಫಾಂಟು ಬಳಗದಲ್ಲಿ ಅದ್ಲಮ್‌ಗೆ ಕೂಡಕ್ಷರದ್ದು ಒಂದು, ಬಿಡಿಯಕ್ಷರದ್ದು ಒಂದು ಎಂದು ಎರಡು ಫಾಂಟು ಬಂದವು. ಮೈಕ್ರೊಸಾಫ್ಟ್ ಆಫ್ರಿಕದ ಲಿಪಿಗಳಿಗೆಂದು ಇಟ್ಟುಕೊಂಡಿದ್ದ ಎಬ್ರಿಮಾ ಫಾಂಟಿಗೆ ಅದ್ಲಮ್ ಸೇರಿಸಿ 2019ರ ಮೇ ತಿಂಗಳ ವಿಂಡೋಸ್ 10 ಆವೃತ್ತಿಯಲ್ಲಿ ಹಂಚಿತು. ಜಗತ್ತಿನ ಕೋಟ್ಯಂತರ ಕಂಪ್ಯೂಟರುಗಳಿಗೆ ಯಾರೂ ಕೇಳದೆಯೇ ಭೆ ಬಂದು ಕೂತಿತು. 30 ವರ್ಷದ ಹಿಂದೆ ಕಾಗದ ಓದಿಸಿಕೊಳ್ಳಲು ಬೇರೆಯವರ ಮನೆ ಬಾಗಿಲಿಗೆ ಹೋಗುತ್ತಿದ್ದವರ ಮಕ್ಕಳು ತಮ್ಮ ಸಂದೇಶವನ್ನು ತಾವೇ ಬರೆದು ಫೋನಿನಲ್ಲಿ ಕಳಿಸಬಲ್ಲವರಾದರು.

ಲಿಪಿ ಅಲ್ಲಿಗೆ ನಿಲ್ಲಲಿಲ್ಲ. 2019ರಲ್ಲೇ ಬಂದ ಯೂನಿಕೋಡ್ 12.0 ಅದ್ಲಮ್‌ಗೆ ಅನುನಾಸಿಕದ ಗುರುತೊಂದನ್ನು ಸೇರಿಸಿತು. ಎಣಿಕೆ 88ಕ್ಕೆ ಏರಿತು. 2023ರಲ್ಲಿ ಮೈಕ್ರೊಸಾಫ್ಟ್, ಬ್ಯಾರಿ ಸೋದರರ ಜೊತೆಗೂಡಿ, ತೆರೆಯ ಮೇಲೆ ಸಲೀಸಾಗಿ ಓದಲು ಬರುವ ಹೊಸ ಫಾಂಟನ್ನು ಹೊರತಂದಿತು. ಇತ್ತ ಸೆನೆಗಲ್‌ನಲ್ಲಿ ಅಸಾನ್ ಫೇ ಅವರು ವೊಲೊಫ್ ನುಡಿಗಾಗಿ 1961ರಲ್ಲಿ ರಚಿಸಿದ ಗರಾಯ್ ಲಿಪಿ ಇನ್ನೂ ಕಾಯುತ್ತಿತ್ತು. ಅದೂ ಬಲದಿಂದ ಎಡಕ್ಕೆ ಬರೆಯುವಂಥದ್ದು, ಅದರಲ್ಲೂ ದೊಡ್ಡಕ್ಷರ ಸಣ್ಣಕ್ಷರಗಳಿವೆ. ಅದಕ್ಕೆ ಸಂಖ್ಯೆಗಳು ಸಿಕ್ಕಿದ್ದು 2024ರ ಸೆಪ್ಟೆಂಬರ್‌ನಲ್ಲಿ, ಯೂನಿಕೋಡ್ 16.0ರಲ್ಲಿ. ಅದ್ಲಮ್ 27 ವರ್ಷ ಕಾದಿತ್ತು, ಗರಾಯ್ 63.